ಹನ್ನೊಂದು ಸಲ ಕೂಗಿದ ಕುಕ್ಕರ್

"ಗ್ಯಾಸ್ ಬಂದ್ ಮಾಡಿದ್ನಾ ಇಲ್ವಾ ಅವ?"

ನನ್ನ ಮೊದಲ ಕಿರುಚಿತ್ರಕ್ಕೆ ಬಂದ ಮೊದಲ ಪ್ರತಿಕ್ರಿಯೆ ಇದು. ಕೇಳಿದವರು ಎರಡನೇ ಸಾಲಿನಲ್ಲಿದ್ದ ಒಬ್ಬರು ಅಜ್ಜಿ. ಹಾಲಿನ ದೀಪಗಳು ಇನ್ನೂ ಪೂರ್ತಿ ಹೊತ್ತಿರಲಿಲ್ಲ.

ಮುಂಬಯಿಯಲ್ಲಿ ಮಾಸ್ ಮೀಡಿಯಾ ಡಿಗ್ರಿಯ ಕೊನೆಯ ವರ್ಷ. ಪ್ರಾಜೆಕ್ಟಿಗೆಂದು 14 ನಿಮಿಷದ ಸಿನಿಮಾ ಮಾಡಿದ್ದೆ. ಹೆಸರು ಹೇಳುವುದಿಲ್ಲ. ಅದರಲ್ಲಿ 'ಮೌನ' ಎಂಬ ಪದ ಇತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಊರು ಬಿಟ್ಟು ಬಂದು ಜೀವಮಾನವಿಡೀ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಮುದುಕ. ಈಗ ಡೊಂಬಿವಲಿಯಲ್ಲಿ ಒಬ್ಬನೇ. ದುಬೈಯಲ್ಲಿರುವ ಮಗನ ಫೋನಿಗೆ ಕಾಯುತ್ತಾನೆ. ಫೋನ್ ಬರುವುದಿಲ್ಲ. ಫ್ಯಾನ್ ತಿರುಗುತ್ತದೆ. ತುಂಬ ಹೊತ್ತು ತಿರುಗುತ್ತದೆ.

ಮುದುಕನ ಪಾತ್ರಕ್ಕೆ ನನ್ನ ಸೋದರಮಾವ. ಅವರಿಗೆ ನಟನೆ ಬರುವುದಿಲ್ಲ, ಆದರೆ ಡೊಂಬಿವಲಿಯ ಮನೆ ಅವರದ್ದು. ಬಾಡಿಗೆ ಉಳಿಯಿತು.

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಮೌನ ಹುಡುಕಲು ಹೋದವ ನಾನು. ಹೆಡ್‌ಫೋನ್ ಹಾಕಿಕೊಂಡಿದ್ದ ಗೆಳೆಯ ಕೈ ಎತ್ತಿದ. "ಪಕ್ಕದ ಮನೆ ಕುಕ್ಕರ್ ಬರ್ತಾ ಇದೆ, ಕಟ್ ಮಾಡು." ನಾನು, "ಇರಲಿ ಬಿಡೋ, ಎಡಿಟಲ್ಲಿ ತೆಗೆದ್ರಾಯ್ತು" ಎಂದೆ. ಎಡಿಟಿಗೆ ಕೂತಾಗ ಗೊತ್ತಾಯಿತು. ಮಾವನಿಗೆ ಇದ್ದದ್ದು ಒಂದೇ ಡೈಲಾಗ್, ಕುಕ್ಕರ್ ಸರಿಯಾಗಿ ಅದರ ಮೇಲೆಯೇ ಕೂಗಿತ್ತು. ಸಾಲದ್ದಕ್ಕೆ ಎರಡನೇ ಟೇಕಿನಿಂದ ಸ್ವಲ್ಪ, ನಾಲ್ಕನೇ ಟೇಕಿನಿಂದ ಸ್ವಲ್ಪ ಕತ್ತರಿಸಿ ಜೋಡಿಸಿದ್ದೆ. ಪ್ರತಿ ತುಂಡಿಗೂ ಅದರದ್ದೇ ಕೂಗು. ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದರೆ ಒಂದಷ್ಟು ಕಡೆಯಾದರೂ ತೇಪೆ ಹಾಕಬಹುದಿತ್ತು. ಕ್ಲಾಸಿನಲ್ಲಿ ಅದನ್ನು ಹೇಳಿಕೊಟ್ಟಿದ್ದರಂತೆ. ಆವತ್ತು ನಾನು ನೋಟ್‌ಬುಕ್ಕಿನಲ್ಲಿ ಫ್ಯಾನಿನ ಶಾಟ್ ಬರೆಯುತ್ತಿದ್ದೆ.

ಮಾಟುಂಗಾದ ಒಂದು ಸಣ್ಣ ಹಾಲಿನಲ್ಲಿ ಪ್ರದರ್ಶನ. ಕನ್ನಡದವರೇ ಸುಮಾರು 40 ಜನ. 1896ರ ಜುಲೈ 7ರಂದು ಇದೇ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಸಿನಿಮಾದ ಆದಿಪುರುಷರಾದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ ಟಿಕೆಟ್ ಒಂದು ರೂಪಾಯಿ. ಒಂದೊಂದು ಚಿತ್ರ ಒಂದು ನಿಮಿಷವೂ ಇರಲಿಲ್ಲ. ನಮ್ಮದು 14 ನಿಮಿಷ, ಪುಕ್ಕಟೆ, ಮೇಲೆ ಕಾಫಿ. ಅವರ ಲೆಕ್ಕಾಚಾರವೇ ಸರಿ ಎಂದು ಈಗ ಅನಿಸುತ್ತದೆ.

"ಪರದೆ ನೋಡಬೇಡ, ಜನರ ಮುಖ ನೋಡು" ಎಂದು ನಮ್ಮ ಸರ್ ಹೇಳಿದ್ದರು. ಮುಂದಿನ ಮೂಲೆಯಲ್ಲಿ ಜನರಿಗೆ ಮುಖ ಮಾಡಿ ಕೂತೆ. ಮೂರನೇ ನಿಮಿಷಕ್ಕೆ ಒಂದು ಮೊಬೈಲ್ ಬೆಳಗಿತು. ಫ್ಯಾನ್ ಬಂದಾಗ ನಾಲ್ಕು. ಒಬ್ಬರು ಕಣ್ಣು ಒರೆಸಿಕೊಂಡು ಎದ್ದರು. ನನ್ನ ಎದೆ ತುಂಬಿ ಬಂತು. ಅವರು ಬಗ್ಗಿ ಕಿವಿಯಲ್ಲಿ ಹೇಳಿದರು, "ದಾದರಿಗೆ ಹೋಗಿ ಫಾಸ್ಟ್ ಲೋಕಲ್ ಟ್ರೇನ್ ಹಿಡೀಬೇಕು ಮಗಾ, ಮಾಟುಂಗಾದಲ್ಲಿ ನಿಲ್ಲೋದಿಲ್ಲ ನೋಡು." ಆಮೇಲೆ, ಎಂಟನೇ ನಿಮಿಷದಿಂದ ಏನೋ ಆಯಿತು. ಎಲ್ಲರೂ ನೆಟ್ಟಗೆ ಕೂತರು. ಮೊಬೈಲುಗಳು ಕಿಸೆ ಸೇರಿದವು. ಇದು ಮಾವನ ನಟನೆಯ ಮಹಿಮೆ ಎಂದು ತಿಳಿದೆ.

ಮಹಿಮೆ ಕುಕ್ಕರಿನದ್ದು.

"ಹನ್ನೊಂದು ಕೂಗು" ಎಂದರು ಅಜ್ಜಿ. ಪಕ್ಕದವರು, "ಅಲ್ಲ ಅಕ್ಕ, ಹತ್ತು" ಎಂದರು. "ಹತ್ತೇ ಇರ್ಲಿ. ಬೇಳೆಗೆ ಮೂರು ಸಾಕು, ಕಡ್ಲೆಗೆ ಆರು. ಇವ ಎಂತ ಕಲ್ಲು ಬೇಯಿಸ್ತಿದ್ದಾನಾ?" ಮುದುಕನಿಗೆ ಮರೆವಿನ ಕಾಯಿಲೆ ಎಂದರು ಒಬ್ಬರು. ಈಗ ಸಿಡೀತದೆ, ಇನ್ನೇನು ಸಿಡೀತದೆ ಎಂದು ಇನ್ನೊಬ್ಬರು ಕಿವಿ ಮುಚ್ಚಿ ಕೂತಿದ್ದರಂತೆ. ಮಗನ ಬಗ್ಗೆ ಯಾರೂ ಕೇಳಲಿಲ್ಲ.

ಹಿಂದಿನ ಸಾಲಿನ ಹಿರಿಯರೊಬ್ಬರು ಮಾತ್ರ ಎದ್ದು ನಿಂತು, "ಆ ಟ್ಯೂಬ್‌ಲೈಟ್ ಮಿಣಮಿಣ ಅಂದದ್ದು ಅವನ ಒಳಗಿನ ತಳಮಳ ಅಲ್ವಾ?" ಎಂದು ಕೇಳಿದರು. ಹೌದು ಸರ್ ಎಂದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಕ್ಯಾಮೆರಾದ ಶಟರನ್ನು 1/50 ಸೆಕೆಂಡಿಗೆ ಇಡಬೇಕಿತ್ತು, ನಾನು 1/60ರಲ್ಲಿ ಇಟ್ಟಿದ್ದೆ, ಅದಕ್ಕೇ ಮಿಣಮಿಣ. ತಳಮಳ ಅಷ್ಟೇ.

ಒಂದು ಚೀಟಿಯನ್ನೂ ಹಂಚಿದ್ದೆ. ಪ್ರಶ್ನೆ, "ಸಿನಿಮಾ ಇಷ್ಟವಾಯಿತೇ?" ಎಲ್ಲರೂ 'ಚೆನ್ನಾಗಿದೆ' ಎಂದು ಬರೆದಿದ್ದರು. ಹುಡುಗಿ ನೋಡಿ ಬಂದು 'ಒಳ್ಳೆಯದೇ, ಹೇಳಿ ಕಳಿಸ್ತೇವೆ' ಎನ್ನುವ ಜನ ನಾವು. ನಮ್ಮಿಂದ ಇನ್ನೇನು ಬರುತ್ತದೆ? ಒಂದರಲ್ಲಿ ಮಾತ್ರ 'ಕಾಫಿಗೆ ಸಕ್ಕರೆ ಜಾಸ್ತಿ' ಎಂದಿತ್ತು. ಕೆಲಸಕ್ಕೆ ಬರುವ ಅಭಿಪ್ರಾಯ ಅದೊಂದೇ.

ಇಷ್ಟವಾಯಿತೇ ಅಂತ ಕೇಳಬಾರದು, ಕತೆ ಏನು ಅಂತ ಹೇಳಿಸಬೇಕು ಎಂದರು ಸರ್. ಮನೆಗೆ ಬಂದು ಅಮ್ಮನನ್ನು ಕೇಳಿದೆ.

"ಅಣ್ಣ ಕುಕ್ಕರ್ ಇಟ್ಟು ಮರೆತದ್ದು."

"ಮತ್ತೆ ಮಗ?"

"ಯಾವ ಮಗ?"

ಎಲ್ಲ ಕೂಗನ್ನೂ ತೆಗೆದುಹಾಕಲು ಹೊರಟೆ. ಸರ್ ತಡೆದರು. "ಜನ ಅದಕ್ಕೆ ಕಿವಿ ಕೊಟ್ಟಿದ್ದಾರೆ, ಯಾಕೆ ಓಡಿಸ್ತೀ? ಮುದುಕನ ಮನೆಗೇ ಕಳಿಸು." ಮತ್ತೆ ಡೊಂಬಿವಲಿ. ಮಾವನ ಆ ಅಂಗಿ ಇಸ್ತ್ರಿಗೆ ಹೋಗಿತ್ತು, ಹಾಗಾಗಿ ಕೈಯನ್ನು ಮಾತ್ರ ಶೂಟ್ ಮಾಡಿದೆವು. ಹೊಸದಾಗಿ ಬಂದಿದ್ದ ಉಂಗುರವನ್ನು ಸೋಪು ಹಚ್ಚಿ ಬಿಡಿಸಿದೆವು. ಡೈಲಾಗಿಗೆ ಮಾವನನ್ನು ಕಪಾಟಿನೊಳಗೆ, ಅತ್ತೆಯ ಸೀರೆಗಳ ನಡುವೆ ತಲೆ ತೂರಿಸಿ ನಿಲ್ಲಿಸಿದೆ. ಬಟ್ಟೆ ಇದ್ದರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. "ನನ್ನ ಮದುವೆ ಸೀರೆಗೆ ಉಗುಳು ಹಾರಿಸ್ಬೇಡಿ" ಎಂದು ಅತ್ತೆ ಹೊರಗಿನಿಂದ ಹೇಳಿದ್ದೂ ರೆಕಾರ್ಡ್ ಆಯಿತು. ಮತ್ತೊಂದು ಟೇಕ್.

ಈಗ ಸಿನಿಮಾ 9 ನಿಮಿಷ. ಫ್ಯಾನ್ ಎಂಟು ಸೆಕೆಂಡ್. ಕುಕ್ಕರ್ ಮೂರೇ ಸಲ ಕೂಗುತ್ತದೆ. ಮೂರನೆಯದಕ್ಕೆ ಮುದುಕ ಬೆಚ್ಚಿ ಫೋನಿನ ಕಡೆ ತಿರುಗುತ್ತಾನೆ. ಫೋನಲ್ಲ. ಕೈ ಹೋಗಿ ಗ್ಯಾಸ್ ಬಂದ್ ಮಾಡುತ್ತದೆ.

ಅದೇ ಹಾಲ್, ಅದೇ ಎರಡನೇ ಸಾಲು. ಮುಗಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಕಡೆಗೂ ಫೋನ್ ಮಾಡ್ಲೇ ಇಲ್ವಾ ಆ ಹುಡುಗ? ನಂಬರ್ ಇದ್ರೆ ಕೊಡು. ನಾನು ಬೈತೇನೆ."