ಸಾಮ್ರಾಜ್ಯ ಒಂದು ಸಲ, ಸಾಮ್ರಾಜ್ಯ ಎರಡು ಸಲ…

ರೋಮಿನ ಪ್ರಿಟೋರಿಯನ್ ಕಾವಲುಪಡೆಯವರನ್ನು ಜನ ಸುಮ್ಮಸುಮ್ಮನೆ ಬಯ್ಯುತ್ತಾರೆ. ಕ್ರಿ.ಶ. 193ರ ಮಾರ್ಚ್ 28ರಂದು ತಾವೇ ಕಾಯಬೇಕಿದ್ದ ಚಕ್ರವರ್ತಿ ಪರ್ಟಿನಾಕ್ಸನನ್ನು ಕೊಂದು, ಅವತ್ತೇ ಸಾಮ್ರಾಜ್ಯವನ್ನು ಹರಾಜಿಗಿಟ್ಟರು, ನಿಜ. ಆದರೆ ಇಷ್ಟು ಪಾರದರ್ಶಕವಾದ ವ್ಯವಹಾರ ಇನ್ನೆಲ್ಲಾದರೂ ಕಂಡಿದ್ದೀರಾ? ಶಿಬಿರದ ಒಳಗೆ ಸತ್ತವನ ಮಾವ ಸಲ್ಪಿಸಿಯಾನಸ್. ಅಳಿಯನ ಸೂತಕದ ನೆನಪೂ ಇಲ್ಲದೆ ಬಿಡ್ಡು ಕೂಗುತ್ತಿದ್ದಾನೆ. ಗೋಡೆಯಾಚೆ ದುಡ್ಡಿನ ಕುಳ ಡಿಡಿಯಸ್ ಜೂಲಿಯಾನಸ್. ನಡುವೆ ಸೈನಿಕರ ಓಡಾಟ: "ಒಳಗಿನವರು ಇಷ್ಟು ಅಂದ್ರು, ನೀವೆಷ್ಟು ಏರಿಸ್ತೀರಿ ಸ್ವಾಮಿ?" ಮಾವ ಸೈನಿಕನಿಗೆ ತಲಾ 20,000 ಸೆಸ್ಟರ್ಸಿಗೆ (ರೋಮಿನ ನಾಣ್ಯ) ಬಂದು ನಿಂತ. ಜೂಲಿಯಾನಸ್ ಚೌಕಾಸಿಗೇ ಹೋಗಲಿಲ್ಲ. ಒಂದೇ ಏಟಿಗೆ 5,000 ಏರಿಸಿ, ಗಂಟಲು ಹರಿಯುವಂತೆ ಕೂಗಿ, ಕಿವಿ ಕೇಳದವರಿಗೂ ಗೊತ್ತಾಗಲಿ ಅಂತ ಬೆರಳಲ್ಲೂ ತೋರಿಸಿದ. ಮುಗೀತು.

ಹರಾಜಿನ ಚಟ ಹತ್ತಿಸಿದ್ದೂ ಪಾಪ ಪರ್ಟಿನಾಕ್ಸನೇ. ಹಿಂದಿನ ಚಕ್ರವರ್ತಿ ಕೊಮೊಡಸ್ ಖಜಾನೆ ಬಳಿದು ಹೋಗಿದ್ದರಿಂದ ಅವನ ಸಾಮಾನುಗಳನ್ನೆಲ್ಲ ಹರಾಜು ಹಾಕಿಸಿದ್ದ. ಹಳೆಯ ಜೀವನಚರಿತ್ರೆಯೊಂದು ಆ ಪಟ್ಟಿಯಲ್ಲಿ ಗಾಡಿಗಳನ್ನೂ ಸೇರಿಸುತ್ತದೆ. ಹೋದ ದೂರ ಅಳೆಯುವ ಗಾಡಿ, ಹೊತ್ತು ತೋರಿಸುವ ಗಾಡಿ, ಬಿಸಿಲು ಬಂದರೆ ಬೆನ್ನು ಹಾಕಿ ತಂಗಾಳಿ ಬಂದರೆ ಮುಖ ಮಾಡುವ ತಿರುಗುವ ಪೀಠದ ಗಾಡಿ! ಗಾಳಿ ಬಂದಾಗ ತೂರಿಕೋ ಅಂತ ನಾವು ಬಾಯಲ್ಲಿ ಹೇಳಿಕೊಂಡು ತಿರುಗಿದ್ದನ್ನು ಆ ಪುಣ್ಯಾತ್ಮ ಬಡಗಿ ಕೈಲಿ ಮಾಡಿಸಿಯೇಬಿಟ್ಟಿದ್ದ. ಅದನ್ನು ಯಾರು ಕೊಂಡರೋ. ರೋಮಿನ ಹಿರಿಯರ ಸಭೆಯಾದ ಸೆನೆಟಿನವರೇ ಇರಬೇಕು.

ಸೆನೆಟ್ ಅಂದೆನಲ್ಲ, ಅವರಲ್ಲೊಬ್ಬನಾಗಿದ್ದ ಕ್ಯಾಸಿಯಸ್ ಡಿಯೋ ಸಾಮ್ರಾಜ್ಯ ಹರಾಜಾದ ರಾತ್ರಿಯದನ್ನು ತಾನೇ ಬರೆದಿಟ್ಟಿದ್ದಾನೆ. ಭಯವೋ ಭಯ. ಮನೆಯಲ್ಲೇ ಉಳಿದರೆ ಅನುಮಾನ ಬರುತ್ತದಲ್ಲ! ಹಾಗಾಗಿ ಮಾನ್ಯರು ಸ್ನಾನ ಮಾಡಿ, ಊಟ ಮುಗಿಸಿ, ಸೈನಿಕರ ಸಂದಿಯಲ್ಲಿ ನುಸುಳಿ ಸಭೆಗೆ ಹೋಗಿ ಹೊಸ ಒಡೆಯನ ಭಾಷಣ ಕೇಳಿದರು. ಪ್ರಜಾಹಿತಕ್ಕಾಗಿ ಉಪವಾಸವಂತೂ ಬೀಳಲಿಲ್ಲ. ಹೊಸ ಒಡೆಯ ಅರಮನೆಗೆ ಹೋದರೆ ಅಲ್ಲಿ ಪರ್ಟಿನಾಕ್ಸನಿಗೆಂದು ಮಾಡಿಟ್ಟ ಸಾದಾ ಅಡುಗೆ. ಇದೂ ಒಂದು ಊಟವಾ ಅಂತ ನಕ್ಕು, ದುಬಾರಿ ತಿನಿಸು ತರಿಸಿಕೊಂಡು ತಿಂದು, ದಾಳ ಉರುಳಿಸುತ್ತ ಕೂತ. ಹೆಣ ಇನ್ನೂ ಅದೇ ಕಟ್ಟಡದಲ್ಲಿತ್ತು.

ಇಲ್ಲಿಗೆ ಬಂದಾಗ ತಮಾಷೆ ಸಾಕೆನಿಸುತ್ತದೆ. ಡ್ಯಾನ್ಯೂಬ್ ನದಿ ದಂಡೆಯ ಚಳಿಯಲ್ಲಿ ಗಡಿ ಕಾಯುವ ಲೀಜನ್ (ರೋಮಿನ ಸೇನಾದಳ) ಸೈನಿಕನಿಗೆ ಹಿಂದೊಬ್ಬ ಚಕ್ರವರ್ತಿ ಡೊಮಿಷಿಯನ್ ಗೊತ್ತುಮಾಡಿದ ಸಂಬಳ ವರ್ಷಕ್ಕೆ 1,200 ಸೆಸ್ಟರ್ಸ್. ಆತ ಇಪ್ಪತ್ತು ವರ್ಷ ದುಡಿದರೂ ಆಗದ ಮೊತ್ತ ರಾಜಧಾನಿಯಲ್ಲಿ ಒಡೆಯನನ್ನು ಕೊಂದವರಿಗೆ ಒಂದೇ ಸಂಜೆಗೆ! ದುಡ್ಡು ಯಾರದ್ದು? ಯಾರ ಹೊಲದ್ದು? ಈ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿದೆ.

ಮರುದಿನ ಮಾತ್ರ ಬೀದಿಯ ಜನ ಜೂಲಿಯಾನಸನನ್ನು ಸಾಮ್ರಾಜ್ಯದ ಕಳ್ಳ ಅಂತ ಮುಖಕ್ಕೇ ಕೂಗಿದರು. ನಿಮಗೂ ಹಣ ಕೊಡುತ್ತೇನೆ ಅಂದ. ಬೇಡ, ಮುಟ್ಟುವುದಿಲ್ಲ ಅಂದರು. ಹೊಟ್ಟೆಗಿಲ್ಲದವರು ಹಾಗಂದದ್ದು. ಆಮೇಲೆ ರಥದ ಓಟ ನಡೆಯುವ ಸರ್ಕಸ್ ಮೈದಾನಕ್ಕೆ ನುಗ್ಗಿ ಅನ್ನ ನೀರಿಲ್ಲದೆ ಕೂಗುತ್ತ ಕೂತರು.

ಡ್ಯಾನ್ಯೂಬ್ ಕಡೆಯಿಂದ ಅಲ್ಲಿನ ಸೇನಾಪತಿ ಸೆಪ್ಟಿಮಿಯಸ್ ಸೆವೆರಸ್ ದಂಡೆತ್ತಿ ಹೊರಟಾಗ ಜೂಲಿಯಾನಸ್ ಅರಮನೆಗೆ ಗಟ್ಟಿ ಬಾಗಿಲು ಹಾಕಿಸಿದ. ಬಾಗಿಲು ಹಾಕಿದ್ದರೆ ಪರ್ಟಿನಾಕ್ಸ್ ಉಳಿಯುತ್ತಿದ್ದ ಎಂಬುದು ಅವನ ಸಂಶೋಧನೆ. ಆನೆಗಳ ಬೆನ್ನಿಗೆ ಗೋಪುರ ಕಟ್ಟಿಸಿದರೆ ಅವು ಗೋಪುರದ ಜೊತೆಗೆ ಮಾವುತರನ್ನೂ ಕೆಡವಿದವು. ಇಡೀ ರೋಮಿನಲ್ಲಿ ಮಾರಾಟವಾಗದೆ ಉಳಿದ ಅಧಿಕಾರಿವರ್ಗ ಅದೊಂದೇ. 66 ದಿನಕ್ಕೆ ಆಳ್ವಿಕೆ ಮುಗಿಯಿತು. "ನಾನೇನು ತಪ್ಪು ಮಾಡಿದೆ? ಯಾರನ್ನು ಕೊಂದೆ?" ಅಂತ ಕೇಳುತ್ತಲೇ ಸತ್ತನಂತೆ.

ಸೆವೆರಸ್ ಬಂದವನೇ ಆ ಕಾವಲುಪಡೆಯ ಆಯುಧ ಕಿತ್ತುಕೊಂಡು ಊರು ಬಿಡಿಸಿದ. ಶಹಬ್ಬಾಸ್! ಅಷ್ಟರಲ್ಲಿ ಅವನದೇ ಸೈನಿಕರು ಸೆನೆಟಿನೆದುರು ಬಂದು ನಿಂತರು. ತಲಾ 10,000 ಬೇಕಂತೆ, ಹಿಂದೆ ರೋಮಿನ ಮೊದಲ ಚಕ್ರವರ್ತಿಯಾದ ಆಕ್ಟೇವಿಯನ್ನನ ಜೊತೆ ಬಂದವರಿಗೂ ಕೊಟ್ಟಿದ್ದರಂತೆ. ಚೌಕಾಸಿ ನಡೆದು 1,000ಕ್ಕೆ ಒಪ್ಪಿಸಲಾಯಿತು.