ಜೋತುಬಿದ್ದ ಚರ್ಮಕ್ಕೆ ಲೈಪೊ ಮಾರುವ ಮಹಾನುಭಾವರಿಗೆ

ಈಗಷ್ಟೇ ಇನ್ನೊಂದು ರೀಲ್ ಕಣ್ಣಿಗೆ ಬಿತ್ತು. ಸಿಕ್ಕಾಪಟ್ಟೆ ತೂಕ ಇಳಿಸಿದವರ ಹೊಟ್ಟೆ ಮೇಲೆ ಜೋಲುವ ಚರ್ಮ ತೋರಿಸಿ, “ಲೇಸರ್ ಲೈಪೊ, ಬೆಳಿಗ್ಗೆ ಬಂದು ಸಂಜೆ ಮನೆಗೆ” ಅಂತ ಬರೆದಿದ್ದಾರೆ. ಸ್ವಾಮಿ, ಲೈಪೊ ಅಂದರೆ ಲೈಪೊಸಕ್ಷನ್, ಅದು ಹೀರೋದು ಕೊಬ್ಬನ್ನ, ಚರ್ಮವನ್ನಲ್ಲ! ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಅದನ್ನು ಮತ್ತೆ ಬಿಗಿ ಮಾಡುವ ಎಲಾಸ್ಟಿನ್ ನಾರುಗಳು ಹಾಳಾಗಿರುತ್ತವೆ. ಒಳಗೆ ಉಳಿದ ಅಷ್ಟಿಷ್ಟು ಕೊಬ್ಬನ್ನೂ ಎಳೆದರೆ ಖಾಲಿ ಚೀಲ ಇನ್ನಷ್ಟು ಜೋಲುತ್ತದೆ, ಅಷ್ಟೇ. ಕ್ರೀಮು, ಎಣ್ಣೆ, ಜಿಮ್ಮು ಯಾವುದೂ ಅದನ್ನು ಎತ್ತಿ ಕೂರಿಸೋದಿಲ್ಲ.

ಅಷ್ಟು ಹೆಚ್ಚುವರಿ ಚರ್ಮ ಹೋಗಬೇಕಾದರೆ ಕತ್ತರಿಸಲೇಬೇಕು. ಪ್ಯಾನಿಕ್ಯುಲೆಕ್ಟಮಿಯಲ್ಲಿ ಕೆಳಗೆ ನೇತಾಡುವ ಮಡಿಕೆಯನ್ನಷ್ಟೇ ತೆಗೆಯುತ್ತಾರೆ. ಅಬ್ಡಾಮಿನೋಪ್ಲಾಸ್ಟಿಯಲ್ಲಿ ಚರ್ಮವನ್ನು ಪಕ್ಕೆಲುಬಿನ ಹತ್ತಿರದವರೆಗೂ ಬಿಡಿಸಿ, ದೂರ ಸರಿದ ಸ್ನಾಯುಗಳನ್ನು ಹೊಲಿದು, ಹೊಕ್ಕುಳನ್ನು ಹೊಸ ಜಾಗದಲ್ಲಿ ಕೂರಿಸುತ್ತಾರೆ. ಗಾಯದ ಗೆರೆ ಈ ಸೊಂಟದಿಂದ ಆ ಸೊಂಟಕ್ಕೆ. ಅಡ್ಡಡ್ಡಕ್ಕೂ ಸಡಿಲ ಇದ್ದರೆ ನಡುಮಧ್ಯೆ ಉದ್ದಕ್ಕೆ ಇನ್ನೊಂದು. ರೀಲಿನಲ್ಲಿ ಈ ಗೆರೆ ಎಲ್ಲಿ? ಮ್ಯೂಸಿಕ್ ಮಾತ್ರ ಜೋರಾಗಿದೆ.

ಮುಹೂರ್ತವೂ ಆಫರ್ ಮುಗಿಯುವ ತಾರೀಖು ನೋಡಿ ಇಡೋದಲ್ಲ. ತೂಕ ಕನಿಷ್ಠ 6 ತಿಂಗಳು ಅಲ್ಲಾಡದೆ ನಿಂತಿರಬೇಕು. ಬೇರಿಯಾಟ್ರಿಕ್ (ತೂಕ ಇಳಿಸಲು ಜಠರ ಸಣ್ಣದು ಮಾಡುವಂಥ) ಆಪರೇಷನ್ ಆದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್, ಆಲ್ಬುಮಿನ್ ಅನ್ನೋ ಪ್ರೋಟೀನ್, ಕಬ್ಬಿಣ, ಬಿ12 ನೋಡದೆ ಟೇಬಲ್ ಮೇಲೆ ಮಲಗಬೇಡಿ. ಬರೀ ಅನ್ನ-ಸಾರು ಉಂಡು ಪ್ರೋಟೀನ್ ಇಲ್ಲದ ದೇಹದಲ್ಲಿ ಹೊಲಿಗೆ ಕೂಡೋದಿಲ್ಲ, ಬಿಟ್ಟುಕೊಳ್ಳುತ್ತದೆ. ಸಿಗರೇಟು ಆಪರೇಷನ್ನಿನ ಹಿಂದೆ ಮುಂದೆ ನಾಲ್ಕು ನಾಲ್ಕು ವಾರ ಬಂದ್, ಏಕೆಂದರೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡಿ ಚರ್ಮದ ಅಂಚು ಕಪ್ಪಾಗಿ ಕೊಳೆಯುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಹೊಟ್ಟೆ ನಿಧಾನ ಖಾಲಿಯಾಗೋದರಿಂದ ಉಪವಾಸ ಇದ್ದರೂ ಒಳಗೆ ಉಳಿದ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

“ಸಂಜೆ ಮನೆಗೆ” ಅಂದರಲ್ಲ, ಮನೆಗೆ ಹೋದಮೇಲೆ? ಚರ್ಮ ಕತ್ತರಿಸಿಕೊಂಡವರ ಪಕ್ಕದಲ್ಲಿ ಗಾಯದೊಳಗಿನ ದ್ರವ ಹೊರತೆಗೆಯುವ ಡ್ರೈನ್ ನಳಿಕೆ ನೇತಾಡುತ್ತಿರುತ್ತದೆ. ದಿನಕ್ಕೆ ಬರುವ ದ್ರವ ಸುಮಾರು 30 ಮಿಲಿಗಿಂತ ಕೆಳಗಿಳಿಯುವವರೆಗೆ ಅದನ್ನು ಅಳೆದು ಬರೆದಿಡಬೇಕು. ಬೇಗ ಕಿತ್ತರೆ ಒಳಗೆ ನೀರು ತುಂಬಿ ಸೂಜಿಯಿಂದ ತೆಗೆಸುತ್ತ ಓಡಾಡಬೇಕು. ಮೊದಲ ವಾರ ಬಗ್ಗಿಕೊಂಡೇ ನಡಿಗೆ, ಆರು ವಾರ ಬಿಗಿ ಬೆಲ್ಟು. ತುಂಬಿದ ಕೊಡ ಎತ್ತುವ ಹಾಗಿಲ್ಲ, ಮಗು ಎತ್ತುವ ಹಾಗಿಲ್ಲ. ಎಲ್ಲಕ್ಕಿಂತ ಭಯದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗೋದು. ಅದಕ್ಕೇ ನೋವಿದ್ದರೂ ಅವತ್ತೇ ಎಬ್ಬಿಸಿ ನಡೆಸುತ್ತಾರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಏದುಸಿರು ಬಂದರೆ ನೇರ ಎಮರ್ಜೆನ್ಸಿಗೆ. ವಾಟ್ಸ್ಯಾಪಿನಲ್ಲಿ ಕ್ಲಿನಿಕ್‌ಗೆ ಫೋಟೊ ಕಳಿಸಿ ನೀಲಿ ಟಿಕ್ ಕಾಯುತ್ತ ಕೂರಬೇಡಿ.

“ಜಾಹೀರಾತಿನಲ್ಲಿ ಇಷ್ಟೆಲ್ಲ ಹೇಳೋಕಾಗುತ್ತಾ, ಕನ್ಸಲ್ಟೇಷನ್‌ನಲ್ಲಿ ಹೇಳ್ತಾರೆ ಬಿಡಿ” ಅನ್ನುವವರಿದ್ದಾರೆ. ಹೌದೌದು. ಅಲ್ಲಿ ಕೂತಿರೋದು ಎಷ್ಟೋ ಸಲ ಸರ್ಜನ್ ಅಲ್ಲ, ಇಎಂಐ ಫಾರಂ ಹಿಡಿದ “ಕೌನ್ಸೆಲರ್”. ಹೊಟ್ಟೆ, ತೋಳು, ತೊಡೆ ಮೂರೂ ಒಂದೇ ದಿನ ಮಾಡಿಸಿದರೆ ರಿಯಾಯಿತಿ ಬೇರೆ! ಅರಿವಳಿಕೆಯ ಹೊತ್ತು ಉದ್ದವಾದಷ್ಟೂ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ; ತಿಳಿದವರು ಮೂರ್ನಾಲ್ಕು ತಿಂಗಳ ಅಂತರ ಇಟ್ಟು ಹಂತಹಂತವಾಗಿ ಮಾಡುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೆ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಎರಡು ವಾರ ಟಿವಿಯಲ್ಲಿ ಕೂಗಾಡಿದೆವು, ಆಮೇಲೆ ಮತ್ತದೇ ರೀಲು.

ಬೇಡ ಅನ್ನುತ್ತಿಲ್ಲ ಮಾರಾಯ್ರೆ. ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗಿ, ಫಂಗಸ್ ಬಂದು, ನಡೆಯೋಕೂ ಉರಿ ಬೀಳುವವರಿಗೆ ಇದು ಶೋಕಿಯಲ್ಲ. ಅಂಥವರು ಚರ್ಮದ ವೈದ್ಯರ ಚೀಟಿ, ಫೋಟೊ ಎಲ್ಲ ಜೋಪಾನ ಮಾಡಿ. ವಿಮೆಯವರು ಸೌಂದರ್ಯದ ಆಪರೇಷನ್ ಅಂತ ಅರ್ಜಿ ತಳ್ಳಿಹಾಕುವುದೇ ಹೆಚ್ಚು. ಆರೋಗ್ಯಕ್ಕೆ ಅನಿವಾರ್ಯ ಅಂತ ವೈದ್ಯರು ಬರೆದುಕೊಟ್ಟರೆ ವಾದಿಸೋಕೆ ಜಾಗವಾದರೂ ಇರುತ್ತದೆ. ದುಡ್ಡು ಕಟ್ಟುವ ಮುಂಚೆ ಕೇಳಿ: ಚಾಕು ಹಿಡಿಯೋರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನೋ ತಜ್ಞ ಪದವಿ ಮಾಡಿದ್ದಾರಾ? ಅದೇ ಕಟ್ಟಡದಲ್ಲಿ ಐಸಿಯು ಇದೆಯಾ? ಹತ್ತನೇ ದಿನ ಹೊಲಿಗೆ ಬಿಟ್ಟರೆ ನೋಡೋರು ಯಾರು, ಆ ಖರ್ಚು ಯಾರದ್ದು?