ನಡುವೋ ಮಂಡಿಯೋ

ಮನೆ ಮುಂದೆ ಕಿತ್ತಳೆ ಬಣ್ಣದ ಸ್ಪೋರ್ಟ್ಸ್ ಬೈಕ್ ನಿಂತಿದೆ. ನನ್ನದೇ. 373 ಸಿಸಿ, 43 ಹಾರ್ಸ್‌ಪವರ್, ಆರು ಗೇರ್. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತದೆ. ನಾನು ಹತ್ತಿ ಓಡಿಸುವಾಗ ಮಾತ್ರ ನಿಂತಿರುವ ಹಾಗೆ ಕಾಣುತ್ತದೆ, ಯಾಕೆಂದರೆ ನಾನಿರುವುದು ಬೆಂಗಳೂರಿನಲ್ಲಿ.

ಅದನ್ನು ತಂದಾಗ ನನಗೆ 44 ವರ್ಷ. ಆ ವಯಸ್ಸಿನಲ್ಲಿ ಕೆಲವರು ಶಬರಿಮಲೆಗೆ ಹೋಗುತ್ತಾರೆ, ಕೆಲವರು ಜಿಮ್ಮಿಗೆ ಸೇರುತ್ತಾರೆ. ನಾನು ಶೋರೂಮಿಗೆ ಹೋದೆ. ನಾಲ್ಕು ವರ್ಷ ಆಯಿತು. ಗಾಡಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಒಂದು ದಿನ ಕೈ ಕೊಟ್ಟಿಲ್ಲ, ಒಂದು ಹನಿ ಎಣ್ಣೆ ಸೋರಿಲ್ಲ. ದೂರು ಇರುವುದು ನನ್ನ ನಡುವಿಗೆ. ಅದರ ಮೇಲೆ ಕೂರುವ ಭಂಗಿ ಹೇಗೆ ಅಂದರೆ, ದೇವರಿಗೆ ಅಡ್ಡ ಬೀಳಲು ಹೊರಟವನು ಅರ್ಧ ಬಗ್ಗಿದಾಗ ಯಾರೋ ಹೆಸರು ಹಿಡಿದು ಕರೆದರು, ಅವನು ಹಾಗೇ ತಲೆ ಎತ್ತಿ ನೋಡಿದ. ಆ ಭಂಗಿ. ರಾಜಾಜಿನಗರದಿಂದ ಕೋರಮಂಗಲದವರೆಗೆ ಅದೇ ಭಂಗಿ. ಆಫೀಸಿನಲ್ಲಿ ಇಳಿದ ಮೇಲೂ ಐದು ನಿಮಿಷ ಅದೇ ಭಂಗಿ.

ಊರಾಚೆ ಹೋದರೆ ಅದರ ತಾಕತ್ತು ಗೊತ್ತಾಗುತ್ತೆ ಅಂತ ಸ್ನೇಹಿತರು ಹೇಳಿದರು. ಊರಾಚೆ ಅಂದರೆ ನಮಗೆ ಮೈಸೂರು ರಸ್ತೆ. ಆ ರಸ್ತೆ ಹೊಸದಾಗಿ, ಅಗಲವಾಗಿ, ನುಣ್ಣಗೆ ಆಯಿತು. ಆದ ಐದು ತಿಂಗಳಿಗೆ, 2023ರ ಆಗಸ್ಟ್ 1ರಿಂದ, ಬೈಕು, ಆಟೋ, ಟ್ರ್ಯಾಕ್ಟರ್ ಯಾವುದಕ್ಕೂ ಅದರ ಮೇಲೆ ಪ್ರವೇಶ ಇಲ್ಲ ಅಂತ ಬೋರ್ಡ್ ಬಿತ್ತು. ಅಪಘಾತಗಳು ನೋಡಿದರೆ ಅದು ಸರಿಯೇ. ಆದರೆ ಆವತ್ತಿನಿಂದ ನನ್ನ 43 ಕುದುರೆಗಳು ಸರ್ವಿಸ್ ರಸ್ತೆಯಲ್ಲಿ, ಮದ್ದೂರಿನ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ, ಎರಡನೇ ಗೇರಿನಲ್ಲಿ ಕೆನೆಯುತ್ತಾ ಹೋಗುತ್ತಿವೆ. ಟ್ರ್ಯಾಕ್ಟರಿನವನು ಹಿಂದೆ ತಿರುಗಿ ಬೈಕು ನೋಡಿ, ನನ್ನ ಮುಖ ನೋಡಿ, ಮತ್ತೆ ಮುಂದೆ ತಿರುಗಿಕೊಳ್ಳುತ್ತಾನೆ. ಅವನು ಏನೂ ಅನ್ನುವುದಿಲ್ಲ. ಅನ್ನಬೇಕಾಗಿಯೂ ಇಲ್ಲ.

ಹೀಗಿರುವಾಗ ಒಂದು ಎಕ್ಸ್‌ಚೇಂಜ್ ಮಾತು ಬಂತು.

ಮೈಸೂರಿನ ಯಾದವಗಿರಿಯಲ್ಲಿ ನಮ್ಮ ದೂರದ ನೆಂಟರ ಪಕ್ಕದ ಮನೆ. ಅಲ್ಲೊಬ್ಬ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ. ನನ್ನ ಬೈಕನ್ನು ಮೂರು ಸುತ್ತು ಸುತ್ತಿ, ಮೊಬೈಲಿನಲ್ಲಿ ಫೋಟೋ ತೆಗೆದು, ಕೊನೆಗೆ, 'ಅಂಕಲ್, ಇದನ್ನ ಕೊಡ್ತೀರಾ?' ಅಂದ. ಸುಮ್ನೆ ತಮಾಷೆಗೆ, 'ಬದಲಿಗೆ ಏನ್ ಕೊಡ್ತೀಯಾ?' ಅಂದೆ. ಅವನು ಕಾಂಪೌಂಡಿನ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿದ್ದ ಒಂದು ಆಕಾರ ತೋರಿಸಿದ. ಬೆಡ್‌ಶೀಟ್ ಎಳೆದ. ಧೂಳು ಇಳಿದ ಮೇಲೆ ನೋಡಿದರೆ ಯೆಜ್ಡಿ ರೋಡ್‌ಕಿಂಗ್. 1984ರದು. ನಂಬರ್ ಪ್ಲೇಟಿನ ಮೇಲೆ ಕೆಎ ಅನ್ನುವುದು ಬರುವುದಕ್ಕೆ ಮುಂಚಿನ ನಂಬರ್.

ತಾತನದು. ಬೈಕಿಗೆ ಬೈಕು, ಮೇಲೆ 40,000 ರೂಪಾಯಿ ಹುಡುಗ ನನಗೆ ಕೊಡುವುದು ಅಂತ ಅಲ್ಲೇ ಲೆಕ್ಕ ಹಾಕಿದ. ತಾತನ್ನ ಕೇಳಿರಲಿಲ್ಲ. ನಾನೂ ನನ್ನ ಹೆಂಡತಿಯನ್ನು ಕೇಳಿರಲಿಲ್ಲ. ಇಬ್ಬರು ಬೇಜವಾಬ್ದಾರಿ ಗಂಡಸರು ಸಿಕ್ಕಿದರೆ ವ್ಯವಹಾರ ಎಷ್ಟು ಸಲೀಸು ನೋಡಿ.

ಯೆಜ್ಡಿ ಅಂದರೆ ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾದವಗಿರಿಯಲ್ಲೇ ಅದರ ಫ್ಯಾಕ್ಟರಿ ಇತ್ತು. ಐಡಿಯಲ್ ಜಾವಾ. ಫರೂಕ್ ಇರಾನಿ ಮತ್ತೆ ರುಸ್ತುಂ ಇರಾನಿ ಶುರು ಮಾಡಿದ್ದು; ಬಾಗಿಲು ತೆರೆದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಜಾವಾ ಗಾಡಿಗಳು ಬಂದವು. ಜಾವಾ ಅನ್ನುವುದು ದ್ವೀಪದ ಹೆಸರಲ್ಲ. ಯಾನೆಚೆಕ್ (Janeček) ಅನ್ನುವ ಜೆಕ್ ಉದ್ಯಮಿಯ ಹೆಸರಿನ ಮೊದಲ ಎರಡಕ್ಷರ JA, ಅವನು ಮೋಟಾರ್‌ಸೈಕಲ್ ಹಕ್ಕು ಕೊಂಡ ವಾಂಡರರ್ (Wanderer) ಕಂಪನಿಯ ಮೊದಲ ಎರಡಕ್ಷರ WA, ಎರಡೂ ಸೇರಿಸಿ ಹೊಲಿದ ಹೆಸರು. 1973ರಲ್ಲಿ ಅದು ಯೆಜ್ಡಿ ಆಯಿತು, ಇರಾನಿನ ಯಜ್ದ್ ಊರಿನ ನೆನಪಿಗೆ. 1996ರಲ್ಲಿ ಬಾಗಿಲು ಹಾಕಿತು. ಜೆಕ್ ಬುದ್ಧಿ, ಪಾರ್ಸಿ ಹೆಸರು, ಮೈಸೂರು ಕೈ.

ಈ ಗಾಡಿಯ ಚಾಳಿಗಳು ಒಂದೆರಡಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಪೆಟ್ರೋಲನ್ನು ಬರಿದೇ ಕುಡಿಯುವುದಿಲ್ಲ, ಲೀಟರಿಗೆ 30-40 ಮಿ.ಲೀ. ಟೂ-ಟಿ ಆಯಿಲ್ ಬೆರೆಸಿ ಕೊಡಬೇಕು. ಜಾಸ್ತಿ ಆದರೆ ಪ್ಲಗ್ ಕಪ್ಪಾಗುತ್ತೆ, ಕಮ್ಮಿ ಆದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಬಾಣಂತಿಗೆ ಪಥ್ಯ ಇದ್ದ ಹಾಗೆ. ಎಲ್ಲಕ್ಕಿಂತ ವಿಚಿತ್ರ ಅದರ ಕಿಕ್ಕರ್. ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಎಡಗಡೆ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಕೆಳಗಿಳಿಸಿ ಕೂರಿಸಿದರೆ ಗೇರ್. ಊಟದ ತಟ್ಟೆಯನ್ನೇ ತಿರುಗಿಸಿ ಮುಚ್ಚಳ ಮಾಡಿಕೊಳ್ಳುವ ಮನೆಯವರ ಬುದ್ಧಿ ಇದು. ಕಳ್ಳನಿಗೆ ಗೊತ್ತಿಲ್ಲದಿದ್ದರೆ ಬಲಗಡೆ ಕಿಕ್ಕರ್ ಹುಡುಕುತ್ತಲೇ ಬೆಳಗಾಗುತ್ತೆ.

ಎಡಗಡೆ ಅಂದೆನಲ್ಲ, ಕಥೆ ಅಲ್ಲೇ ಇರುವುದು. ನನ್ನ ಎಡಮಂಡಿ ಸರಿಯಿಲ್ಲ. ಎರಡು ವರ್ಷದ ಹಿಂದೆ ಆಫೀಸಿನ ಬ್ಯಾಡ್ಮಿಂಟನ್ ಟೂರ್ನಮೆಂಟಿನಲ್ಲಿ, ಮೊದಲ ರೌಂಡಿನಲ್ಲಿ, ಅದೂ ಸರ್ವಿಸ್ ಮಾಡುವಾಗ ತಿರುಚಿದ್ದು. ಮೆಟ್ಟಿಲು ಇಳಿಯುವಾಗ ಇವತ್ತಿಗೂ 'ಕಟ್' ಅನ್ನುತ್ತದೆ. ಅಂದರೆ ಆಯ್ಕೆ ಸ್ಪಷ್ಟ. ಹೊಸ ಗಾಡಿ ಇಟ್ಟುಕೊಂಡರೆ ನಡು ಹೋಗುತ್ತೆ. ಹಳೇ ಗಾಡಿ ತಂದರೆ ಮಂಡಿ ಹೋಗುತ್ತೆ.

ಆಫೀಸಿನ ಗೆಳೆಯನಿಗೆ ಹೇಳಿದೆ. ಅವನು ಎಲ್ಲದಕ್ಕೂ ಪರಿಹಾರ ಇಟ್ಟುಕೊಂಡಿರುವವನು. 'ಹೊಸ ಜಾವಾ 2018ರಲ್ಲೇ ಬಂತು, ಹೊಸ ಯೆಜ್ಡಿ 2022ರಲ್ಲಿ ಬಂತು. ಫೋರ್ ಸ್ಟ್ರೋಕ್, ಬಟನ್ ಸ್ಟಾರ್ಟ್. ನಡುವೂ ಉಳಿಯುತ್ತೆ, ಮಂಡಿಯೂ ಉಳಿಯುತ್ತೆ' ಅಂದ. ಮಾತು ಸರಿ. ಸರಿಯಾಗಿದ್ದಕ್ಕೇ ನನಗೆ ಬೇಜಾರಾಯಿತು. ಬಟನ್ ಒತ್ತುವ ಗಾಡಿ ನನ್ನ ಹತ್ತಿರ ಆಗಲೇ ಇದೆಯಲ್ಲ. ಅದಕ್ಕೆ ನನ್ನಿಂದ ಏನೂ ಬೇಕಾಗಿಲ್ಲ. ಪರದೆ ಮೇಲೆ ಹಳದಿ ದೀಪ ಬಂದರೆ ನಾನು ಫೋನ್ ಮಾಡುತ್ತೇನೆ, ಅವರು ಬಂದು ಒಯ್ಯುತ್ತಾರೆ, ಲ್ಯಾಪ್‌ಟಾಪ್ ಚುಚ್ಚಿ ನೋಡುತ್ತಾರೆ, ತಂದು ಬಿಡುತ್ತಾರೆ. ಒಳಗೆ ಏನಾಗಿತ್ತು ಅಂತ ನನಗೆ ಗೊತ್ತಿಲ್ಲ. ದೊಡ್ಡ ಮನೆಗೆ ಮನೆಅಳಿಯ ಆಗಿ ಹೋದವನ ಸ್ಥಿತಿ. ಅನ್ನಕ್ಕೆ ಕೊರತೆ ಇಲ್ಲ, ಯಾರೂ ಏನೂ ಕೇಳುವುದಿಲ್ಲ.

ಯೆಜ್ಡಿ ಮೇಲೆ ನನಗೆ ಬಾಲ್ಯದ ಪ್ರೀತಿ ಅಂತೇನೂ ಇಲ್ಲ, ನಿಜ ಹೇಳಬೇಕು. ಪಾಂಡವಪುರದ ದೊಡ್ಡಪ್ಪನ ಹತ್ತಿರ ಒಂದಿತ್ತು. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಜ್ವರ ಬಂದ ಆಳು, ಎಲ್ಲ ಅದರ ಮೇಲೇ ಹೋಗುತ್ತಿತ್ತು. ಬೆಳಗ್ಗೆ ಐದಕ್ಕೆ ಅದು ಸ್ಟಾರ್ಟ್ ಆದರೆ ಬೀದಿಯ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ನನಗೆ ಉಳಿದಿರುವುದು ಒಂದು ಗುರುತು. ಬಲಗಾಲಿನ ಮೀನಖಂಡದ ಒಳಮೈಯಲ್ಲಿ, ನಾಲ್ಕಾಣೆ ಅಗಲ, ನುಣ್ಣಗೆ, ರೋಮ ಇಲ್ಲದೆ. ಏಳನೇ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಇಳಿಯುವಾಗ ಸೈಲೆನ್ಸರ್ ತಾಗಿದ್ದು. ದೊಡ್ಡಮ್ಮ ಇಂಕು ಹಚ್ಚಿದರು. ಸೈಲೆನ್ಸರ್ ಎರಡಿದ್ದದ್ದರಿಂದ ಯಾವ ಕಡೆ ಇಳಿದರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಈ ಭಾಗದಲ್ಲಿ ನನ್ನ ವಯಸ್ಸಿನ ಗಂಡಸರ ಪ್ಯಾಂಟು ಮೇಲೆತ್ತಿಸಿ ನೋಡಿದರೆ ಅರ್ಧ ಜನರ ಕಾಲಲ್ಲಿ ಈ ಸೀಲು ಸಿಗುತ್ತೆ ಅಂತ ನನ್ನ ಅಂದಾಜು.

ಮುಂದಿನ ಭಾನುವಾರ ಮತ್ತೆ ಹೋದೆ. ತಾತ ಜಗಲಿ ಮೇಲೆ ಕೂತು ಪೇಪರ್ ಓದುತ್ತಿದ್ದರು. ಆ ಫ್ಯಾಕ್ಟರಿಯಲ್ಲೇ ಚಕ್ರ ಕಟ್ಟುವ ಕೆಲಸದಲ್ಲಿದ್ದವರು. ಅವರಿಗೆ ಈ ಗಾಡಿ ಜೀವ ಇರಬಹುದು, ಹುಡುಗ ಅದನ್ನು ಮಾರುತ್ತಿದ್ದಾನೆ ಅಂತ ಗೊತ್ತಾದರೆ ನೊಂದುಕೊಳ್ಳುತ್ತಾರೇನೋ ಅಂತ ನಾನು ಮೆತ್ತಗೆ ಮಾತು ತೆಗೆದೆ.

'ಸಾರ್, ಈ ಗಾಡಿ ಚಕ್ರ ನೀವೇ ಕಟ್ಟಿದ್ದಾ?'

'ದಿನಾ ಕಟ್ತಿದ್ವಿ ಕಣಪ್ಪ. ಇದೂ ಅದ್ರಲ್ಲಿ ಒಂದಿರಬೋದು. ಇಲ್ದೇನೂ ಇರಬೋದು.'

'ಕೊಡೋಕೆ ಬೇಜಾರಾಗಲ್ವಾ?'

'ಬೇಜಾರು ಯಾಕೆ? ನಂಗೆ ಬಸ್ಸೇ ಸುಖ. ಕಿಟಕಿ ಪಕ್ಕ ಸೀಟು ಸಿಕ್ರೆ ಸಾಕು.' ಪೇಪರ್ ಮಡಚಿದರು. 'ಒಂದು ಕಿಕ್ ಹೊಡೆದು ನೋಡಿ. ಪ್ಲಗ್ ಒರೆಸಿದೀನಿ.'

ಒರೆಸಿದ್ದರು ಅಂದರೆ ಅವರಿಗೆ ವಿಷಯ ಮೊದಲೇ ಗೊತ್ತಿತ್ತು.

ಪೆಟ್ರೋಲ್ ನಲ್ಲಿ ತಿರುಗಿಸಿದೆ. ಲಿವರ್ ಒಳಕ್ಕೆ ಒತ್ತಿ ಮೇಲೆತ್ತಿದೆ. ಮೊದಲ ಕಿಕ್ಕಿಗೆ ಗಾಡಿ 'ಹುಸ್' ಅಂತ ನಿಟ್ಟುಸಿರು ಬಿಟ್ಟಿತು. ಎರಡನೆಯದಕ್ಕೆ ನನ್ನ ಮಂಡಿ 'ಕಟ್' ಅಂತು. ತಾತ ಜಗಲಿಯಿಂದಲೇ, 'ಒದೀಬೇಡಿ, ತುಳೀರಿ' ಅಂದರು. ಎಂಥ ವ್ಯತ್ಯಾಸ! ಒದೆಯುವುದು ಕಾಲಿನ ಕೆಲಸ, ತುಳಿಯುವುದು ಮೈಭಾರದ ಕೆಲಸ. ಲಿವರ್ ನಿಧಾನ ಇಳಿಸಿ, ಗಟ್ಟಿ ಸಿಗುವ ಜಾಗ ಹುಡುಕಿ, ಅಲ್ಲಿ ನಿಂತು, ಇಡೀ ಮೈ ಬಿಟ್ಟೆ. ಹತ್ತಿಕೊಂಡಿತು. ಖಾಲಿ ಎಣ್ಣೆ ಡಬ್ಬವನ್ನು ಯಾರೋ ಲಯ ಹಿಡಿದು ಬಡಿದ ಹಾಗೆ ಶಬ್ದ. ನೀಲಿ ಹೊಗೆ ಎದ್ದು ದಾಸವಾಳದ ಗಿಡ ಮುಚ್ಚಿಹೋಯಿತು. ಎದುರುಮನೆಯ ಹೆಂಗಸು ಕಿಟಕಿ ಹಾಕಿಕೊಂಡರು. ನನ್ನ ಮುಖದಲ್ಲಿ ನಗು ಎಷ್ಟು ಹೊತ್ತಿನಿಂದ ಇತ್ತೋ, ಹುಡುಗ ಅದರ ವಿಡಿಯೋ ಮಾಡಿಕೊಂಡಿದ್ದ.

ಸಿಎಫ್‌ಟಿಆರ್‌ಐ ಕಡೆಗೆ ಒಂದು ಸುತ್ತು ಹೋಗಿ ಬಂದೆ. 16 ಹಾರ್ಸ್‌ಪವರ್, ನಾಲ್ಕು ಗೇರ್. ನಲವತ್ತರ ವೇಗಕ್ಕೇ ನೂರರಲ್ಲಿ ಹೋದ ಹಾಗೆ ಮೈ ನಡುಗುತ್ತದೆ. ಬ್ರೇಕ್ ಹಾಕಿದರೆ ಗಾಡಿ ಯೋಚನೆ ಮಾಡಿ ನಿಲ್ಲುತ್ತದೆ. ನೆಟ್ಟಗೆ, ಕುರ್ಚಿ ಮೇಲೆ ಕೂತ ಹಾಗೆ ಕೂತಿದ್ದೆ. ದಾರಿಯಲ್ಲಿ ಇಬ್ಬರು ಅಪರಿಚಿತರು ಮಾತಾಡಿಸಿದರು. ಒಬ್ಬರು ಮಾಡೆಲ್ ಕೇಳಿದರು. ಇನ್ನೊಬ್ಬರು ತಮ್ಮದನ್ನು 2001ರಲ್ಲಿ ಗುಜರಿಗೆ ಹಾಕಿದ್ದನ್ನು ಸಿಗ್ನಲ್ ಹಸಿರಾಗುವವರೆಗೂ ಹೇಳಿದರು. ಕಿತ್ತಳೆ ಬೈಕಿನಲ್ಲಿ ನಾಲ್ಕು ವರ್ಷದಲ್ಲಿ ನನ್ನನ್ನು ಮಾತಾಡಿಸಿದ ಅಪರಿಚಿತರು ಟ್ರಾಫಿಕ್ ಪೊಲೀಸರು ಮಾತ್ರ.

ಮನೆಗೆ ಬಂದು ಶಾಂತವಾಗಿ ಕಷ್ಟಗಳನ್ನು ಲೆಕ್ಕ ಹಾಕಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್.ಸಿ. ನವೀಕರಣ. ವಿಂಟೇಜ್ ಅಂತ ಕಾನೂನಿನ ಮರ್ಯಾದೆ ಸಿಗಬೇಕಾದರೆ 50 ವರ್ಷ ದಾಟಿರಬೇಕು. ಇದು ನನ್ನ ಹಾಗೆ, ಹಳೆಯದೂ ಅಲ್ಲ, ಹೊಸದಂತೂ ಅಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್, ಅದು ಆ ಕಾಲದ ರಬ್ಬರ್ ಪೈಪು, ವಾಷರುಗಳಿಗೆ ಒಗ್ಗುವುದಿಲ್ಲ. ಸೈಲೆನ್ಸರಿನಲ್ಲಿ ಕರಿ ಕಟ್ಟಿಕೊಳ್ಳುತ್ತದೆ, ಆಗಾಗ ಬಿಚ್ಚಿ ಸುಟ್ಟು ತೆಗೆಯಬೇಕು. ಮಳೆಯಲ್ಲಿ ನಿಂತರೆ ತಳ್ಳಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಇನ್ನೊಂದು ಕಡೆ ಲಾಭಗಳನ್ನು ಬರೆಯಲು ಗೆರೆ ಎಳೆದೆ. ಆ ಕಡೆ ಬಹಳ ಹೊತ್ತು ಖಾಲಿ ಇತ್ತು. ಕೊನೆಗೆ 'ತುಳೀರಿ' ಅಂತ ಒಂದು ಪದ ಬರೆದು ಪೆನ್ನು ಮುಚ್ಚಿದೆ.

ಹೆಂಡತಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು.

'ನಂಗೆ ಬಸ್ ಫ್ರೀ. ನೀವು ಯಾವ ಗಾಡಿ ಬೇಕಾದ್ರೂ ತಗೊಳ್ಳಿ' ಅಂದಳು. ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಗಂಡನ ಬೈಕಿನ ಗತ್ತು ಇಳಿದಿದೆ, ನಮ್ಮಲ್ಲೂ ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮುಂದುವರಿಸಿದಳು. 'ಮಂಡ್ಯದಲ್ಲಿ ನಮ್ಮಪ್ಪನ ಹತ್ರಾನೂ ಇತ್ತಲ್ಲ. ಎಷ್ಟು ಎಣ್ಣೆ ಸೋರೋದು ಗೊತ್ತಾ? ಕೆಂಪು ಗಾರೆ ನೆಲ. ರಂಗೋಲಿ ಹಾಕೋಕೆ ಮುಂಚೆ ನಾನು ಸೀಮೆಎಣ್ಣೆ ಬಟ್ಟೆ ತಗೊಂಡು ದಿನಾ ಉಜ್ಜಬೇಕು. ಕೊನೆಗೆ ಅಮ್ಮ ಗೋಣಿಚೀಲ ಹಾಸಿದ್ರು.' ಚಪಾತಿ ಕಾವಲಿಗೆ ಹಾಕಿದಳು. ಬೇಡ ಅಂದಳಾ, ಆಗಲಿ ಅಂದಳಾ, ನನಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ತರದ್ದು ಕೇಳಿ ತಿಳಿದುಕೊಳ್ಳುವ ಧೈರ್ಯ ಮಾಡಿಲ್ಲ.

ಹುಡುಗ ದಿನಾ ಮೆಸೇಜ್ ಮಾಡುತ್ತಾನೆ. ಬೆಳಗ್ಗೆ 'ಗುಡ್ ಮಾರ್ನಿಂಗ್ ಅಂಕಲ್', ಜೊತೆಗೆ ಯೆಜ್ಡಿಯ ಒಂದು ಫೋಟೋ. ತೊಳೆದಿದ್ದಾನೆ, ಕ್ರೋಮಿಗೆ ಪಾಲಿಶ್ ಹಾಕಿದ್ದಾನೆ. ಹೆಣ್ಣಿನ ಕಡೆಯವರ ಉತ್ಸಾಹ. ನಾನು ಇನ್ನೂ ಏನೂ ಹೇಳಿಲ್ಲ. ಆದರೆ ಫಿಸಿಯೋಥೆರಪಿಯವರ ಹತ್ತಿರ ಹೋಗಿಬಂದೆ. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು, ಹತ್ತು ಸೆಕೆಂಡು ಒತ್ತಿ ಬಿಡುವುದು, ಹೀಗೆ ಇಪ್ಪತ್ತು ಸಲ. ಬ್ಯಾಡ್ಮಿಂಟನ್‌ಗಾ ಅಂತ ಅವರು ಕೇಳಿದರು. ಹೂಂ ಅಂದೆ. ಹದಿನೈದು ದಿನದಿಂದ ಹಾಲ್‌ನಲ್ಲಿ ಚಾಪೆ ಹಾಕಿಕೊಂಡು ತಪ್ಪದೆ ಮಾಡುತ್ತಿದ್ದೇನೆ. ಹೆಂಡತಿ ನನ್ನ ಕಾಲು ದಾಟಿಕೊಂಡು ಓಡಾಡುತ್ತಾಳೆ, ಯಾಕೆ ಅಂತ ಒಂದು ದಿನವೂ ಕೇಳಿಲ್ಲ.

ನಿನ್ನೆ ಸಂಜೆ ಆಫೀಸಿನಿಂದ ಬಂದು, ಕಿತ್ತಳೆ ಬೈಕನ್ನು ಪೋರ್ಟಿಕೋದಲ್ಲಿ ನಿಲ್ಲಿಸಲು ಹೋದೆ. ಜಾಗ ಇರಲಿಲ್ಲ. ತುಳಸಿ ಕುಂಡವನ್ನು ಯಾರೋ ಆ ಕಡೆ ಸರಿಸಿದ್ದರು. ಬೈಕ್ ನಿಲ್ಲುವ ಮೂಲೆಯಲ್ಲಿ, ನಾಲ್ಕು ಮಡಿಕೆ ಮಾಡಿದ ಹಳೇ ಗೋಣಿಚೀಲ ಹಾಸಿತ್ತು.